ಉದ್ಯಾನಕ್ಕೆ ಮೊದಲು ಮಣ್ಣು ಶುದ್ಧವಾಗಲಿ

ಮಾನ್ಯರೇ,

ಮುಂಬಯಿಯ ಪೂರ್ವ ತೀರದ ಬಂದರು ಜಮೀನಿನಲ್ಲಿ ಉದ್ಯಾನ, ಕಟ್ಟಡಗಳು ಬರಲಿವೆ ಎಂದು ಆಗಾಗ ಓದುತ್ತೇವೆ. ಆದರೆ ಅಲ್ಲಿನ ಮಣ್ಣನ್ನು ಶುದ್ಧ ಮಾಡುವ ಮಾತು ಅಷ್ಟಾಗಿ ಕೇಳಿಸುವುದಿಲ್ಲ.

ರೇ ರೋಡ್ ಸ್ಟೇಷನ್ನಿನಲ್ಲಿಳಿದು ದಾರುಖಾನಾ ಕಡೆ ನಡೆದರೆ ತುಕ್ಕು ಹಿಡಿದ ಸರಪಳಿ, ತಗಡು, ಎಣ್ಣೆ ಕುಡಿದು ಕಪ್ಪಾದ ನೆಲ ಕಾಣುತ್ತದೆ. ದಶಕಗಳ ಕಾಲ ಹಳೆಯ ಹಡಗುಗಳನ್ನು ಗುಜರಿಗಾಗಿ ಒಡೆದ ಬಂದರು ಜಮೀನಿದು. ಹಳೆಯ ಹಡಗುಗಳ ಬಣ್ಣದಲ್ಲಿ ಸೀಸ, ಪೈಪುಗಳ ಸುತ್ತ ಶಾಖ ತಡೆಯುವ ಆಸ್ಬೆಸ್ಟಾಸ್ ನಾರು ಇರುತ್ತಿತ್ತು. ಸೀಸ ಕೊಳೆತು ಹೋಗುವುದಿಲ್ಲ. ಸುಮ್ನೆ ಮೇಲೆ ಹುಲ್ಲು ಹಾಸಿದರೆ ಅದು ಅಡಿಯಲ್ಲೇ ಉಳಿಯುತ್ತದೆ, ಆಡುವ ಮಕ್ಕಳಿಗೇ ಅಪಾಯ ಜಾಸ್ತಿ. ಆಸ್ಬೆಸ್ಟಾಸ್ ಇನ್ನೂ ಭಯಂಕರ. ಪಾಯ ತೋಡುವಾಗ ಎದ್ದ ದೂಳು ಶ್ವಾಸಕೋಶ ಸೇರಿದರೆ ರೋಗ ಕಾಣಿಸಿಕೊಳ್ಳಲು 20-30 ವರ್ಷ ಬೇಕು. ಅಷ್ಟು ಹೊತ್ತಿಗೆ ಗುತ್ತಿಗೆದಾರ ಎಲ್ಲೋ, ತೋಡಿದ ಕೂಲಿಯಾಳು ಎಲ್ಲೋ. ಈ ನಗರದಲ್ಲಿ ಅಂಥ ಕೆಲಸಕ್ಕೆ ಕಲಬುರಗಿ, ವಿಜಯಪುರ ಕಡೆಯಿಂದ ಬಂದ ನಮ್ಮವರೂ ಇದ್ದಾರೆ ಅಲ್ವಾ?

ಪಕ್ಕದಲ್ಲೇ ಫ್ಲೆಮಿಂಗೊಗಳು ಬರುವ ಶಿವಡಿಯ ಕೆಸರು ಬಯಲಿದೆ. ಅಗೆದ ಮಣ್ಣನ್ನು ಮಳೆಗಾಲದಲ್ಲಿ ತೆರೆದಿಟ್ಟರೆ ವಿಷ ಸಮುದ್ರಕ್ಕೇ ಹರಿಯುತ್ತದೆ.

ಆದ್ದರಿಂದ ಯಾವುದೇ ಟೆಂಡರ್ ಕರೆಯುವ ಮೊದಲು ಬಂದರು ಪ್ರಾಧಿಕಾರವು ಸ್ವತಂತ್ರ ಸಂಸ್ಥೆಯಿಂದ ಮಣ್ಣು, ಅಂತರ್ಜಲ ಮತ್ತು ತೀರದ ಕೆಸರನ್ನು ಪರೀಕ್ಷೆ ಮಾಡಿಸಲಿ. ವರದಿಯನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಲಿ. ಕೆಟ್ಟ ಮಣ್ಣನ್ನು ತೆಗೆದು ಸುರಕ್ಷಿತವಾಗಿ ವಿಲೇವಾರಿ ಮಾಡುವ ಖರ್ಚು, ಕಾರ್ಮಿಕರ ಮಾಸ್ಕ್ ಮತ್ತು ಆರೋಗ್ಯ ತಪಾಸಣೆಯ ಖರ್ಚು ಯೋಜನೆಯ ಅಂದಾಜಿನಲ್ಲೇ ಸೇರಲಿ.

– ಓರ್ವ ಓದುಗ, ವಡಾಲಾ, ಮುಂಬಯಿ