ತಪ್ಪು ಹಿಡಿದುಕೊಟ್ಟವರಿಗೆ ನಮಸ್ಕಾರ

ಹೊಸದಾಗಿ ಜೋಡಿಸಿದ ಡೆಸ್ಕ್‌ಟಾಪ್ ಓವರ್‌ಕ್ಲಾಕ್ ಆಗಿ (ಅಂದರೆ ಕಂಪನಿ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿ), ರಾತ್ರಿಯಿಡೀ ಪರೀಕ್ಷೆ ನಡೆದರೂ ಒಂದು ತಪ್ಪೂ ಇಲ್ಲದೆ ನಿಂತಿದೆ. ಎಎಂಡಿ ಕಂಪನಿಯ ರೈಜನ್ 5 7600 ಪ್ರೊಸೆಸರ್, ಬಿ650 ಮದರ್‌ಬೋರ್ಡು, 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್ ಸ್ಟಿಕ್, ಒಂದು ಸಾಧಾರಣ ಏರ್ ಕೂಲರ್. ಇಷ್ಟೇ ಸಾಮಾನು. ಈ ಕೆಲಸ ದಡ ಸೇರಿದ್ದು ನಾವು ಎಂದೂ ಭೇಟಿಯಾಗದ ಕೆಲವರ ದಯೆಯಿಂದ. ವರ್ಷಾನುಗಟ್ಟಲೆ ದುಡಿದು, ಪರೀಕ್ಷೆಯ ಸಾಫ್ಟ್‌ವೇರ್ ಬರೆದು, ಯಾರು ಬೇಕಾದರೂ ಬಳಸಲಿ ಎಂದು ಪುಕ್ಕಟೆಯಾಗಿ ಬಿಟ್ಟವರು ಅವರು. ಅವರಿಗೆ ಎಲ್ಲರೆದುರು ಧನ್ಯವಾದ ಹೇಳಬೇಕು.

ಮೊದಲಿಗೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ನಡೆಸುತ್ತಿರುವ ಸ್ಯಾಮ್ಯುಯೆಲ್ ಡೆಮ್ಯೂಲೆಮೀಸ್ಟರ್ ಮತ್ತು ಮಾರ್ಟಿನ್ ವಿಟೇಕರ್. ವಿಟೇಕರ್ ಅವರ ಪಿಸಿಮೆಮ್‌ಟೆಸ್ಟ್ ಆಧಾರದ ಮೇಲೆ 2022ರಲ್ಲಿ ಬಂದ 6.00 ಆವೃತ್ತಿಯಿಂದಲೇ ಅದು ಯುಇಎಫ್‌ಐ ಎಂಬ ಹೊಸ ಬಗೆಯ ಬಯೋಸ್ (ಮಶೀನನ್ನು ಶುರುಮಾಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಇರುವ ಬೋರ್ಡುಗಳಲ್ಲಿ, ಡಿಡಿಆರ್5 ಮೇಲೆ ಓಡುವಂತಾಯಿತು. ಇದನ್ನು ಪೆನ್‌ಡ್ರೈವ್‌ನಿಂದ ಓಡಿಸಬೇಕಾದದ್ದು ಆಪರೇಟಿಂಗ್ ಸಿಸ್ಟಂ ಹಾಕುವುದಕ್ಕೆ ಮುಂಚೆ. ರ‍್ಯಾಮ್ ತಪ್ಪು ಮಾಡುತ್ತಿರುವಾಗ ವಿಂಡೋಸ್ ಹಾಕಿದರೆ ಕೆಟ್ಟ ಫೈಲುಗಳೇ ಡಿಸ್ಕಿಗೆ ಇಳಿಯುತ್ತವೆ. ಆಮೇಲೆ ರ‍್ಯಾಮ್ ಸರಿಮಾಡಿದರೂ ಆ ಫೈಲುಗಳು ಸರಿಹೋಗುವುದಿಲ್ಲ.

ಮೊದಲು ಮೆಮರಿಯ ಮೂಲ ವೇಗ 4800ರಲ್ಲಿ ಒಂದು ಸುತ್ತು ಪೂರ್ತಿ ಓಡಿಸಿ, ಆಮೇಲೆ ಎಕ್ಸ್‌ಪೋ (ಸ್ಟಿಕ್ಕಿನಲ್ಲೇ ಬರೆದಿಟ್ಟಿರುವ ಹೆಚ್ಚಿನ ವೇಗದ ಸೆಟ್ಟಿಂಗು) ಹಾಕಿ 6000ರಲ್ಲಿ ಮತ್ತೆ ಓಡಿಸಬೇಕು. ಈ ಪ್ರೊಸೆಸರ್‌ಗೆ ಎಎಂಡಿ ಒಪ್ಪಿರುವ ಮೆಮರಿ ವೇಗ 5200 ಮಾತ್ರ, ಆದ್ದರಿಂದ ಎಕ್ಸ್‌ಪೋ ಕೂಡ ಓವರ್‌ಕ್ಲಾಕೇ. ಹಾಕಿದ ಮೇಲೆ ಮೊದಲ ಸಲ ಪರದೆ ನಿಮಿಷಗಟ್ಟಲೆ ಕಪ್ಪಾಗಿಯೇ ಇರುತ್ತದೆ. ಅದು ಮೆಮರಿ ಟ್ರೇನಿಂಗ್, ಅಂದರೆ ಹೊಸ ವೇಗಕ್ಕೆ ಮಶೀನು ಮೆಮರಿಯನ್ನು ಹೊಂದಿಸಿಕೊಳ್ಳುವ ಕೆಲಸ. ಗಾಬರಿಯಾಗಿ ಸ್ವಿಚ್ ಆರಿಸದೆ ಹತ್ತು ನಿಮಿಷ ಕಾಯಬೇಕು. 4800ರಲ್ಲೇ ತಪ್ಪು ಬಂದರೆ ಸ್ಟಿಕ್, ಸ್ಲಾಟ್ ಅಥವಾ ಪ್ರೊಸೆಸರ್ ಕೂತಿರುವ ರೀತಿಯಲ್ಲಿ ದೋಷವಿದೆ. ಒಂದೊಂದೇ ಸ್ಟಿಕ್ಕನ್ನು ಬೋರ್ಡಿನಲ್ಲಿ ಎ2 ಎಂದು ಗುರುತಿಸಿದ ಸ್ಲಾಟಿನಲ್ಲಿ ಇಟ್ಟು ನೋಡಬೇಕು. 6000ರಲ್ಲಿ ಮಾತ್ರ ಬಂದರೆ ಎಸ್‌ಒಸಿ ವೋಲ್ಟೇಜ್ (ಪ್ರೊಸೆಸರ್‌ನೊಳಗೆ ಮೆಮರಿಯನ್ನು ನಿಭಾಯಿಸುವ ಭಾಗಕ್ಕೆ ಹೋಗುವ ವೋಲ್ಟೇಜ್) ಕಡೆ ಗಮನ ಹರಿಸಬಹುದು. ಆದರೆ 1.30 ವೋಲ್ಟ್ ದಾಟುವಂತಿಲ್ಲ. 2023ರಲ್ಲಿ ಕೆಲವು ರೈಜನ್ 7000 ಚಿಪ್ಪುಗಳು ಸಾಕೆಟ್‌ನಲ್ಲೇ ಸುಟ್ಟುಹೋದ ಮೇಲೆ ಎಎಂಡಿ ಹಾಕಿದ ಮಿತಿ ಅದು. ಹಳೆಯ ಬಯೋಸ್‌ನಲ್ಲಿ ಈ ತಡೆ ಇರುವುದಿಲ್ಲವಾದ್ದರಿಂದ ಬಯೋಸ್ ಅಪ್‌ಡೇಟ್ ಮಾಡದೆ ಎಕ್ಸ್‌ಪೋ ಮುಟ್ಟಲೇಬಾರದು.

ಜಾರ್ಜ್ ವೋಲ್ಟ್‌ಮನ್ ಅವರ ಪ್ರೈಮ್95ಗೆ ನಾವೆಲ್ಲ ಎಷ್ಟು ಋಣಿಗಳೋ! ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು (2ರ ಘಾತದಲ್ಲಿ 1 ಕಳೆದಾಗ ಸಿಗುವ ಅವಿಭಾಜ್ಯಗಳನ್ನು) ಹುಡುಕಲು 1996ರಲ್ಲಿ ಅವರು ಶುರುಮಾಡಿದ ಜಿಂಪ್ಸ್ ಯೋಜನೆಯ ಸಾಫ್ಟ್‌ವೇರ್ ಅದು. ಅಲ್ಲಿ ಒಂದು ಬಿಟ್ ತಪ್ಪಿದರೂ ದೀರ್ಘ ಲೆಕ್ಕ ಪೂರ್ತಿ ವ್ಯರ್ಥ, ಹಾಗಾಗಿ ತಪ್ಪು ಹಿಡಿಯುವ ಏರ್ಪಾಡನ್ನು ಒಳಗೇ ಕಟ್ಟಿದ್ದಾರೆ. ಓವರ್‌ಕ್ಲಾಕ್ ಕೈಕೊಟ್ಟಾಗ ಕಾಣುವ ಸಾಲು ಹೀಗಿರುತ್ತದೆ: ರೌಂಡಿಂಗ್ 0.5 ಬಂದಿದೆ, 0.4ಕ್ಕಿಂತ ಕಡಿಮೆ ಇರಬೇಕಿತ್ತು. ದೊಡ್ಡ ಸಂಖ್ಯೆಗಳ ಗುಣಾಕಾರವನ್ನು ಭಿನ್ನಭಾಗವೂ ಇರುವ ಸಂಖ್ಯೆಗಳಲ್ಲಿ ಮಾಡಿ, ಕೊನೆಗೆ ಹತ್ತಿರದ ಪೂರ್ಣಾಂಕಕ್ಕೆ ತರುತ್ತಾರೆ. ಉತ್ತರ ಪೂರ್ಣಾಂಕದ ಆಸುಪಾಸಿನಲ್ಲೇ ಬೀಳಬೇಕು. ಎರಡು ಪೂರ್ಣಾಂಕಗಳ ನಟ್ಟನಡುವೆ ಬಿತ್ತೆಂದರೆ ಎಲ್ಲೋ ಒಂದು ಟ್ರಾನ್ಸಿಸ್ಟರ್ ಸಮಯಕ್ಕೆ ಸರಿಯಾಗಿ ಸ್ಥಿತಿ ಬದಲಿಸಿಲ್ಲ. ಮಶೀನು ಹ್ಯಾಂಗ್ ಆಗದೆ, ನೀಲಿ ಪರದೆ ತೋರಿಸದೆ, ಸುಮ್ಮನೆ ಸುಳ್ಳು ಉತ್ತರ ಕೊಟ್ಟಾಗಲೂ ಈ ಸಾಲು ಅದನ್ನು ಹೊರಗೆ ಹಾಕುತ್ತದೆ.

ಆ ಪ್ರೈಮ್95 ಅನ್ನೇ ಒಂದು ಸಲಕ್ಕೆ ಒಂದೇ ಕೋರ್ (ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕ) ಮೇಲೆ ಓಡಿಸುವ ಕೋರ್‌ಸೈಕ್ಲರ್ ಸ್ಕ್ರಿಪ್ಟ್ ಬರೆದವರಿಗೆ ನಮ್ಮ ದೊಡ್ಡ ಸಲಾಮು. ಕೋರ್‌ಗಳ ವೋಲ್ಟೇಜ್ ಇಳಿಸುವ ಬಯೋಸ್ ಸೆಟ್ಟಿಂಗು ಕರ್ವ್ ಆಪ್ಟಿಮೈಸರ್‌ನಲ್ಲಿ ಒಂದು ಹೆಜ್ಜೆ ಇಳಿಸಿದರೆ ಸುಮಾರು 3ರಿಂದ 5 ಮಿಲಿವೋಲ್ಟ್ ಕಡಿಮೆಯಾಗುತ್ತದೆ. ಎಲ್ಲ ಕೋರ್‌ಗಳಿಗೂ −30 ಹಾಕಿ, ಎಲ್ಲ ಕೋರ್‌ಗಳನ್ನೂ ದುಡಿಸುವ ಸಿನೆಬೆಂಚ್ ಪರೀಕ್ಷೆಯನ್ನು ಹತ್ತು ನಿಮಿಷ ಓಡಿಸಿ, ಸ್ಥಿರವಾಗಿದೆ ಎಂದು ಹೇಳಿಬಿಡುವವರು ಬಹಳ. ಎಲ್ಲ ಕೋರ್ ದುಡಿಯುವಾಗ ವೇಗ ತಾನಾಗಿ ಇಳಿದಿರುತ್ತದೆ, ಆಗ ಏನೂ ಆಗುವುದಿಲ್ಲ. ಬ್ರೌಸರ್‌ನಲ್ಲಿ ಒಂದು ಪುಟ ತೆರೆದಾಗ ಒಂದೇ ಕೋರ್ 5 ಗಿಗಾಹರ್ಟ್ಸ್ ಮೇಲಕ್ಕೆ ಹಾರುತ್ತದೆ, ವೋಲ್ಟೇಜ್ ಸಾಲದೆ ಮಶೀನು ತಟ್ಟನೆ ರೀಸ್ಟಾರ್ಟ್ ಆಗುತ್ತದೆ. ಕೋರ್‌ಸೈಕ್ಲರ್ ಎಸ್‌ಎಸ್‌ಇ ಎಂಬ ಹಗುರ ಬಗೆಯ ಲೆಕ್ಕ ಕೊಟ್ಟು ಪ್ರತಿ ಕೋರನ್ನೂ ಆ ತುತ್ತತುದಿಗೇ ಒಯ್ದು ಪರೀಕ್ಷಿಸುತ್ತದೆ. ಹಾಗೂ ಮಶೀನು ರೀಸ್ಟಾರ್ಟ್ ಆದರೆ ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ವೀಯಾ-ಲಾಗರ್ (WHEA-Logger) 18 ಎಂಬ ನಮೂದನ್ನು ಹುಡುಕಬೇಕು. ಅದರಲ್ಲಿರುವ ಎಪಿಐಸಿ ಐಡಿಯನ್ನು (ಪ್ರತಿ ಕೋರಿಗೆ ಎರಡರಂತೆ ಇರುವ ಗುರುತಿನ ಸಂಖ್ಯೆಯನ್ನು) 2ರಿಂದ ಭಾಗಿಸಿ ಶೇಷ ಬಿಟ್ಟರೆ, ಸೊನ್ನೆಯಿಂದ ಎಣಿಸಿದ ಕೋರ್ ಸಂಖ್ಯೆ ಸಿಗುತ್ತದೆ. 7 ಎಂದಿದ್ದರೆ ತಪ್ಪಿದ್ದು 3ನೇ ಕೋರ್. ಅದೊಂದಕ್ಕೆ ನಾಲ್ಕೈದು ಹೆಜ್ಜೆ ಸಡಿಲಿಸಿದರೆ ಸಾಕು. ಚಿಪ್ಪಿನ ಅತ್ಯುತ್ತಮ ಕೋರ್‌ಗಳೇ ಸಾಮಾನ್ಯವಾಗಿ ಎಲ್ಲಕ್ಕಿಂತ ಕಡಿಮೆ ಇಳಿತ ತಾಳುತ್ತವೆ.

ಅಲೆಕ್ಸಾಂಡರ್ ಯೀ ಅವರಿಗೂ ಧನ್ಯವಾದ. 2010ರಲ್ಲಿ ಶಿಗೆರು ಕೊಂಡೊ ಜೊತೆ ಪೈ ಬೆಲೆಯನ್ನು 5 ಲಕ್ಷ ಕೋಟಿ ಅಂಕಿಗಳವರೆಗೆ ತೆಗೆದ ಅವರ ವೈ-ಕ್ರಂಚರ್‌ನಲ್ಲಿರುವ ವಿಟಿ3 ಪರೀಕ್ಷೆ, ಮೆಮ್‌ಟೆಸ್ಟ್ ಕಣ್ಣಿಗೆ ಬೀಳದ ಎಸ್‌ಒಸಿ ವೋಲ್ಟೇಜ್ ಕೊರತೆಯನ್ನೂ ಎಷ್ಟೋ ಸಲ ನಿಮಿಷಗಳಲ್ಲಿ ಹೊರಗೆಡಹುತ್ತದೆ.

ಮಶೀನಿನ ಉಷ್ಣಾಂಶ, ವೋಲ್ಟೇಜ್ ತೋರಿಸುವ ಮಾರ್ಟಿನ್ ಮಲಿಕ್ ಅವರ ಎಚ್‌ಡಬ್ಲ್ಯೂಇನ್ಫೊ ಇಲ್ಲದಿದ್ದರೆ ನಮ್ಮ ಕಡೆಯ ಬೇಸಿಗೆಯಲ್ಲಿ ಈ ಕೆಲಸ ಕತ್ತಲಲ್ಲಿ ತಡಕಾಡಿದ ಹಾಗೆಯೇ. ಡಿಡಿಆರ್5 ಸ್ಟಿಕ್ಕಿನ ಉಷ್ಣಾಂಶವನ್ನೂ ಅದು ತೋರಿಸುತ್ತದೆ. ಮೆಮರಿಯ ಕೋಶಗಳಲ್ಲಿನ ವಿದ್ಯುತ್ತು ಸದಾ ಸೋರುತ್ತಿರುತ್ತದೆ, ಅದನ್ನು ಒಮ್ಮೆ ತುಂಬಿದ ಮೇಲೆ ಮತ್ತೆ ತುಂಬುವವರೆಗಿನ ಅವಧಿಯೇ ಟಿಆರ್‌ಇಎಫ್‌ಐ. 6000ರಲ್ಲಿ ಅದರ ಮೂಲ ಬೆಲೆ 11700 ಕ್ಲಾಕ್. ವೇಗಕ್ಕಾಗಿ ಅದನ್ನು 65535ಕ್ಕೆ ಏರಿಸುವ ರೂಢಿಯಿದೆ. ಬಿಸಿ ಏರಿದಷ್ಟೂ ಸೋರಿಕೆ ಹೆಚ್ಚು, ಆದ್ದರಿಂದ ಸ್ಟಿಕ್ 50 ಡಿಗ್ರಿ ದಾಟಿದ ಮೇಲೆ ತಪ್ಪುಗಳು ಶುರುವಾಗಬಹುದು. ಬೆಂಗಳೂರಿನ ಡಿಸೆಂಬರ್‌ನಲ್ಲಿ ಪಾಸಾದ ಸೆಟ್ಟಿಂಗು ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ನಿಲ್ಲುತ್ತದೆ ಎಂಬ ಭರವಸೆಯಿಲ್ಲ. ರ‍್ಯಾಮ್ ಪರೀಕ್ಷೆಯ ಜೊತೆಗೆ ಗ್ರಾಫಿಕ್ಸ್ ಕಾರ್ಡಿಗೂ ಕೆಲಸ ಕೊಟ್ಟು, ಅದರ ಬಿಸಿಗಾಳಿ ಸ್ಟಿಕ್ಕುಗಳಿಗೆ ತಾಗುವಂತೆ ಮಾಡಿ ನೋಡಿದರೆ ಮಾತ್ರ ಆ ಫಲಿತಾಂಶವನ್ನು ನಂಬಬಹುದು.

ಮನೆಯ ಅರ್ತಿಂಗ್ ಸರಿಮಾಡಿಕೊಟ್ಟ ಎಲೆಕ್ಟ್ರಿಷಿಯನ್‌ಗೂ ನಮ್ಮ ವಂದನೆ. ಅರ್ತ್ ಇಲ್ಲದ ಸಾಕೆಟ್‌ಗೆ ಸಿಕ್ಕಿಸಿದ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ. ಪವರ್ ಸಪ್ಲೈಯ ಫಿಲ್ಟರ್ ಕೆಪಾಸಿಟರ್‌ಗಳಿಂದಾಗಿ ಲೋಹದ ಮೈಮೇಲೆ ಸುಮಾರು 115 ವೋಲ್ಟ್ ನಿಂತಿರುತ್ತದೆ. ಎಷ್ಟೇ ಒಳ್ಳೆಯ ಪವರ್ ಸಪ್ಲೈ ತಂದರೂ ಅರ್ತ್ ಇಲ್ಲದೆ ಅದು ಹೋಗುವುದಿಲ್ಲ. ಬಯೋಸ್ ಅಪ್‌ಡೇಟ್ ಮಾಡುವಾಗ ಯುಪಿಎಸ್ ಇರಲೇಬೇಕು ಎಂಬುದು ಕರೆಂಟು ಹೋಗುವ ಊರಿನವರಿಗೆ ಹೇಳಬೇಕಾದ ಮಾತಲ್ಲ.

ಇದೇ ಸಾಮಾನು ಇರುವವರಿಗೆ ಆರಂಭಕ್ಕೆ ಉಪಯೋಗವಾಗಲೆಂದು ಕೊನೆಗೆ ನಿಂತ ಅಂಕಿಗಳು: ಪಿಪಿಟಿ (ಪ್ರೊಸೆಸರ್ ಬಳಸಬಹುದಾದ ವಿದ್ಯುತ್ತಿನ ಮಿತಿ) 88ರಿಂದ 105 ವ್ಯಾಟ್‌ಗೆ, ಉಷ್ಣಮಿತಿ 85 ಡಿಗ್ರಿ, ಬೂಸ್ಟ್ +150 ಮೆಗಾಹರ್ಟ್ಸ್. ಕೋರ್‌ಗಳಿಗೆ ಕ್ರಮವಾಗಿ −22, −12, −25, −10, −25, −24. ಮೆಮರಿ 6000, ಅದರ ಟೈಮಿಂಗ್ 30-36-36, ಎಸ್‌ಒಸಿ 1.20 ವೋಲ್ಟ್. ಟಿಆರ್‌ಇಎಫ್‌ಐ 65535ಕ್ಕೆ ಹೋಗದೆ 40000ದಲ್ಲೇ ಉಳಿದಿದೆ. ಕೋರ್‌ಗಳ ಅಂಕಿಗಳು ಚಿಪ್ಪಿಂದ ಚಿಪ್ಪಿಗೆ ಬೇರೆಯಾಗುತ್ತವೆ. ಅವನ್ನು ಹಾಗೆಯೇ ನಕಲು ಮಾಡದೆ −10ರಿಂದ ಶುರುಮಾಡಿ, ಕೋರ್‌ಸೈಕ್ಲರ್ ಬಿಟ್ಟಷ್ಟು ಮಾತ್ರ ಇಳಿಯಿರಿ.