ಏರುಮಡಿಯ ಎತ್ತರವನ್ನು ಮಳೆ, ಮಣ್ಣು ನೋಡಿ ನಿರ್ಧರಿಸಿ

ಮಾನ್ಯರೆ,

ಮುಂಗಾರು ಹತ್ತಿರವಾದಂತೆ ಹಿತ್ತಿಲಲ್ಲಿ ಮೊದಲ ಬಾರಿಗೆ ತರಕಾರಿ ಬೆಳೆಯಲು ಹೊರಡುವವರು ಹೆಚ್ಚುತ್ತಾರೆ. ಅವರಲ್ಲಿ ಅನೇಕರು ಈಗ ನೆಲಮಟ್ಟಕ್ಕಿಂತ ಮೇಲಕ್ಕೆ ಮಣ್ಣು ಏರಿಸಿ ಮಾಡುವ ಏರುಮಡಿಯನ್ನೇ ಆರಿಸಿಕೊಳ್ಳುತ್ತಿದ್ದಾರೆ. ಆಯ್ಕೆ ತಪ್ಪಲ್ಲ. ಆದರೆ ಏರುಮಡಿ ಎಂದೊಡನೆ ಹಲಗೆಯಿಂದಲೋ ಸಿಮೆಂಟ್ ಬ್ಲಾಕಿನಿಂದಲೋ ಮೊಣಕಾಲೆತ್ತರದ ತೊಟ್ಟಿ ಕಟ್ಟಿಸಿ, ಅದನ್ನು ತುಂಬಲು ಲೋಡುಗಟ್ಟಲೆ ಮಣ್ಣು ತರಿಸುವುದು ದುಡ್ಡಿಗೆ ದಂಡ. ನಮ್ಮ ಅನೇಕ ಊರುಗಳ ಹವೆಗೆ ಅದು ಒಗ್ಗುವುದೂ ಇಲ್ಲ.

ಮಡಿಯನ್ನು ಏರಿಸುವುದು ಮುಖ್ಯವಾಗಿ ಬೇರಿನ ಬಳಿ ನೀರು ನಿಲ್ಲದಿರಲೆಂದು. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ಬೆಂಡೆ, ಹೀರೆ, ಸೌತೆಗೆ ಮಣ್ಣು ಏರಿಸಿ ಬೀಜ ಹಾಕುವುದು ಹಿರಿಯರ ಕಾಲದಿಂದ ಬಂದ ಪದ್ಧತಿ; ಅಲ್ಲಿ ಒಂದಡಿ ಎತ್ತರವೂ ಹೆಚ್ಚಲ್ಲ. ಕಲಬುರಗಿ, ವಿಜಯಪುರದ ಎರೆಮಣ್ಣಿನಲ್ಲಿಯೂ ನೀರು ಬೇಗ ಬಸಿಯದ ಕಾರಣ ಮಳೆಗಾಲಕ್ಕೆ ಏರುಮಡಿಯೇ ಕ್ಷೇಮ. ಮೈಸೂರು, ತುಮಕೂರು, ಕೋಲಾರದ ಕೆಂಪುಮಣ್ಣಿನ ಮಾತು ಬೇರೆ. ಇಲ್ಲಿ ನೀರು ಸಾಮಾನ್ಯವಾಗಿ ತಾನಾಗಿಯೇ ಇಳಿದುಹೋಗುವುದರಿಂದ, ಒಂದೂವರೆ ಅಡಿಯ ತೊಟ್ಟಿ ಕಟ್ಟಿದರೆ ಅದು ಮಾರ್ಚ್, ಏಪ್ರಿಲ್ ಬಿಸಿಲಿಗೆ ಮೇಲಿನಿಂದಲೂ ಬದಿಗಳಿಂದಲೂ ಕಾದು, ಬೆಳಿಗ್ಗೆ ಹಾಕಿದ ನೀರು ಸಂಜೆಗೆ ಕಾಣದಂತಾಗುತ್ತದೆ. ಈ ಭಾಗಕ್ಕೆ ನಾಲ್ಕರಿಂದ ಆರು ಅಂಗುಲ ಸಾಕು. ಬೇಸಿಗೆ ಬೆಳೆಗೆ ಅದನ್ನೂ ಕೈಬಿಟ್ಟು, ಸುತ್ತ ಬದು ಹಾಕಿದ ತಗ್ಗುಪಾತಿ ಮಾಡಿಕೊಳ್ಳುವುದು ಜಾಣತನ.

ಲೆಕ್ಕ ನೋಡಿ: ಮೂರಡಿ ಅಗಲ, ಎಂಟಡಿ ಉದ್ದದ ಮಡಿಯನ್ನು ಒಂದೂವರೆ ಅಡಿ ಎತ್ತರಕ್ಕೆ ತುಂಬಲು 36 ಘನ ಅಡಿ ಮಣ್ಣು ಬೇಕು, ಅರ್ಧ ಅಡಿಗಾದರೆ 12 ಸಾಕು. ಅದರಲ್ಲಿ ದೊಡ್ಡ ಪಾಲು ಮಡಿಯ ಪಕ್ಕದ ಓಡಾಟದ ದಾರಿಯನ್ನು ಅಗೆದಾಗಲೇ ಸಿಗುತ್ತದೆ, ಉಳಿದದ್ದಕ್ಕೆ ಕೊಟ್ಟಿಗೆ ಗೊಬ್ಬರ ಸೇರಿಸಿದರಾಯಿತು. ಎರಡೂ ಬದಿಯಿಂದ ಕೈ ನಡುವಿಗೆ ಎಟಕುವಷ್ಟೇ ಅಗಲವಿರಲಿ, ಏಕೆಂದರೆ ಒಮ್ಮೆ ಸಡಿಲಿಸಿದ ಮಡಿಯ ಮೇಲೆ ಮತ್ತೆ ಕಾಲಿಡದಿರುವುದರಲ್ಲೇ ಅದರ ಅರ್ಧ ಲಾಭವಿದೆ. ಅಂಚಿಗೆ ಹಳೆಯ ಮಂಗಳೂರು ಹೆಂಚುಗಳನ್ನು ನಿಲ್ಲಿಸಿ ಹೂತರೆ ಸಾಕು. ಕಲ್ನಾರಿನ ಶೀಟು ಕತ್ತರಿಸಿ ಬಳಸುವುದು ಮಾತ್ರ ಬೇಡ. ಅದರ ದೂಳು ಶ್ವಾಸಕೋಶಕ್ಕೆ ಅಪಾಯಕಾರಿ.

ಮಣ್ಣನ್ನು ಕೊಳ್ಳಲೇಬೇಕಾದರೆ ಎಚ್ಚರಿಕೆ ಅಗತ್ಯ. ನಗರಗಳಲ್ಲಿ ತೋಟದ ಮಣ್ಣೆಂದು ಬರುವುದು ಎಷ್ಟೋ ಸಲ ಯಾವುದೋ ಕಟ್ಟಡದ ಪಾಯ ಅಗೆದು ತೆಗೆದ, ಸತ್ವವಿಲ್ಲದ ಅಡಿಮಣ್ಣು. ಇಳಿಸಿಕೊಳ್ಳುವ ಮುನ್ನ ಒಂದು ಹಿಡಿಯನ್ನು ತುಸು ಒದ್ದೆ ಮಾಡಿ ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಒತ್ತಿ ನೋಡಬೇಕು: ಪುಡಿಯಾಗಿ ಉದುರಿದರೆ ಒಳ್ಳೆಯದು, ಜೇಡಿಯಂತೆ ಚಪ್ಪಟೆಯಾದರೆ ಅಥವಾ ಬೆರಳಿಗೆ ಜಲ್ಲಿಯ ಚೂರು ತಾಕಿದರೆ ಲೋಡನ್ನು ಹಿಂದಕ್ಕೆ ಕಳಿಸುವುದೇ ಲೇಸು. ಗೊಬ್ಬರವೂ ಪೂರ್ತಿ ಕಳಿತದ್ದೇ ಆಗಿರಬೇಕು. ಅರೆಬರೆ ಕಳಿತ ಸಗಣಿಯ ಜತೆಗೆ ಗೊಣ್ಣೆಹುಳುವೂ ಬರುತ್ತದೆ, ನೆಟ್ಟ ಸಸಿ ಬಾಡಿ ಬಿದ್ದಾಗಲೇ ಬೇರು ತಿಂದಿರುವುದು ತಿಳಿಯುತ್ತದೆ. ತೆಂಗಿನ ನಾರಿನ ಪುಡಿ ಹಾಕುವವರು ಮೊದಲು ನೀರಿನಲ್ಲಿ ನೆನೆಸಿ, ಹಿಂಡಿ, ಉಪ್ಪಿನಂಶ ಕಳೆಯಬೇಕು.

ಮೊದಲ ಬೆಳೆಗೆ ಕೋಸು, ಕ್ಯಾಪ್ಸಿಕಂಗಳ ಆಸೆ ಬೇಡವೆಂಬುದು ನನ್ನ ಅಭಿಪ್ರಾಯ. ದಂಟು, ಮೆಂತ್ಯ ತಿಂಗಳೊಳಗೆ ಅಡುಗೆಮನೆಗೆ ಬರುತ್ತವೆ. ಅವುಗಳ ಹಿಂದೆಯೇ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆ, ಅರ್ಕಾ ಕೋಮಲ್ ಹುರುಳಿಕಾಯಿ ಹಾಕಬಹುದು. ಇವು ಹೈಬ್ರಿಡ್ ಅಲ್ಲದ ಕಾರಣ ನಾಲ್ಕು ಕಾಯಿಗಳನ್ನು ಗಿಡದಲ್ಲೇ ಒಣಗಲು ಬಿಟ್ಟರೆ ಮುಂದಿನ ವರ್ಷದ ಬೀಜವೂ ಕೈಯಲ್ಲಿರುತ್ತದೆ.

ತೋಟಗಾರಿಕೆ ಇಲಾಖೆಯು ಆಯಾ ಜಿಲ್ಲೆಯ ಮಳೆ ಮತ್ತು ಮಣ್ಣಿಗೆ ತಕ್ಕಂತೆ ಮಡಿ ಎಷ್ಟು ಎತ್ತರವಿರಬೇಕು, ಯಾವ ತಿಂಗಳಲ್ಲಿ ಯಾವ ಬೀಜ ಹಾಕಬೇಕು ಎಂಬುದನ್ನು ತಿಳಿಸುವ ಒಂದು ಪುಟದ ಕೈಪತ್ರವನ್ನು ತನ್ನ ನರ್ಸರಿಗಳಲ್ಲಿ ಹಂಚಬೇಕು, ಹತ್ತಿಪ್ಪತ್ತು ಗಿಡಗಳಿಗೆ ಸಾಕಾಗುವಷ್ಟು ಸಣ್ಣ ಬೀಜದ ಪೊಟ್ಟಣಗಳನ್ನೂ ಅಲ್ಲಿಯೇ ಮಾರಬೇಕು ಎಂದು ವಿನಂತಿಸುತ್ತೇನೆ. ರೋಹಿಣಿ ಮಳೆಗೆ ಮುಂಚೆಯೇ ಇದು ಜನರ ಕೈಸೇರಿದರೆ ಈ ವರ್ಷಕ್ಕೇ ಉಪಯೋಗವಾದೀತು.

– ಓದುಗ, ಮೈಸೂರು