ರೆಕ್ಸಿನ್‌ಗೂ ಹಚ್ಚಬಹುದು ಅಂತ ಮಾರಿದ ಪೇಂಟ್ ಕಿಟ್ ಬಗ್ಗೆ ದೂರು

ಕಸ್ಟಮರ್ ಕೇರ್‌ನವ್ರಿಗೆ ನಮಸ್ಕಾರ್ರಿ,

ನಾನು ಕೊಪ್ಪಳದಿಂದ ಬರಿಯಾಕತ್ತೀನಿ. ಹೋದ ತಿಂಗ್ಳ ನಿಮ್ಮ ಲೆದರ್ ಪೇಂಟ್ ಕಿಟ್ ಆನ್‌ಲೈನ್‌ನ್ಯಾಗ ತರಿಸಿದ್ದೆ, 649 ರೂಪಾಯಿ, ಬಿಲ್ಲಿನ ಫೋಟೋ ಹಾಕೀನಿ. ಚಾಟ್‌ನ್ಯಾಗ ಮೂರು ಸಲ ಹೇಳಿ ಸಾಕಾಗೈತಿ, ಅದಕ್ಕ ಈ ಲೆಟರ್.

ಚೊಲೊ ಆಗಿದ್ದನ್ನ ಮೊದ್ಲ ಹೇಳಿಬಿಡ್ತೀನಿ. ನಮ್ಮ ಮನಿಯವ್ರ ಬೆಲ್ಟ್ ಖರೇ ಚರ್ಮದ್ದು, ತೂತಿನ ಹತ್ರ ಎಲ್ಲಾ ಬೆಳ್ಳಗ ಆಗಿತ್ತು, ಬಣ್ಣಕ್ಕ ಮೊದ್ಲ ಒರಸಾಕ ಕಿಟ್‌ನ್ಯಾಗ ಕೊಟ್ಟಿರೋ ನಿಮ್ಮ ಪ್ರೆಪ್ ಲಿಕ್ವಿಡ್ ಹತ್ತಿ ಅರಳಿಗೆ ಹಚ್ಚಿ ಒರಿಸಿ ಕಪ್ಪು ಬಣ್ಣ ತೆಳ್ಳಗ ಮೂರು ಕೋಟ್ ಕೊಟ್ಟೆ, ಒಂದು ಒಣಗಿದ ಮ್ಯಾಲೆ ಇನ್ನೊಂದು, ಕೊನಿಗೆ ಫಿನಿಷರ್. ಮಡಚಿದ್ರೂ ಬಿರುಕಿಲ್ಲ. ಅದನ್ನ ನೋಡೇ ನಾ ಮೋಸ ಹೋದೆ.

ಆಮ್ಯಾಲೆ ನನ್ನ ಮರೂನ್ ಬ್ಯಾಗ್ ತಗೊಂಡೆ. ರೆಕ್ಸಿನ್‌ದು, ಹೊಸಪೇಟಿಯಾಗ ತಗೊಂಡಿದ್ದು, ಮೂಲಿ ಸವೆದಿತ್ತು ಅಷ್ಟ. ನಿಮ್ಮ ಡಬ್ಬಿ ಮ್ಯಾಲೆ ದಪ್ಪ ಅಕ್ಷರದಾಗ ಲೆದರ್, ರೆಕ್ಸಿನ್ ಎಲ್ಲಾಕ್ಕೂ ಅಂತ ಐತಿ. ಪ್ರೆಪ್ ಲಿಕ್ವಿಡ್ ಹಚ್ಚಿ ಎರಡು ಸಲ ತಿಕ್ಕಿದ್ದೇ ತಡ ಬ್ಯಾಗಿನ ಮರೂನ್ ಪೂರಾ ಅರಳಿಗೇ ಬಂತು, ಕೆಳಗಿನ ಬಟ್ಟಿ ಕಾಣಾಕ ಹತ್ತಿತು! ವಾಸನಿ ನೇಲ್ ಪಾಲಿಶ್ ತೆಗಿಯೋದರ ವಾಸನಿ. ಕನ್ನಡಕ ಹಾಕ್ಕೊಂಡು ಬಾಟ್ಲಿ ತಿರುವಿ ನೋಡಿದ್ರ ಸಾಸಿವಿ ಅಕ್ಷರದಾಗ ಅಸಿಟೋನ್ ಅಂತ ಬರದೀರಿ.

ಬಸ್‌ಸ್ಟ್ಯಾಂಡ್ ಹತ್ರ ಬ್ಯಾಗ್ ರಿಪೇರಿ ಮಾಡೋ ಅಣ್ಣಗ ತೋರಿಸಿದೆ, ಅವ ನಕ್ಕುಬಿಟ್ಟ. ಚರ್ಮಕ್ಕಾದ್ರ ಅದು ಮ್ಯಾಲಿನ ಪಾಲಿಶ್ ತೆಗಿತೈತಿ ಅಕ್ಕಾ, ರೆಕ್ಸಿನ್ ಅಂದ್ರ ಬಟ್ಟಿ ಮ್ಯಾಲೆ ಪ್ಲಾಸ್ಟಿಕ್ ಬಳದಿದ್ದು, ಅದನ್ನೇ ಕರಗಸ್ತೈತಿ ಅಂದ. ರೋಡ್ ಬದಿ ಕುಂತವ್ರಿಗೆ ಗೊತ್ತಿರೋದು ಕಂಪನಿಗೆ ಗೊತ್ತಿಲ್ಲೇನ್ರಿ?

ನಿಮ್ಮ ಚಾಟ್‌ನವ್ರು ಪ್ರೆಪ್ ಬಿಟ್ಟು ಹಚ್ಚಿ ನೋಡ್ರಿ ಅಂದ್ರು, ಅದನ್ನೂ ಒಂದು ಪ್ಲಾಸ್ಟಿಕ್ ಪರ್ಸಿಗೆ ಮಾಡಿದೆ. ಹನ್ನೆರಡು ದಿನ ಆದ್ರೂ ಅಂಟಂಟು. ಅಂಥಾ ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಎಣ್ಣಿಯಂಥದ್ದು ಕೂಡಿಸಿರ್ತಾರಂತ, ಅದು ಮ್ಯಾಲೆ ಜಿನುಗಿ ಬಣ್ಣ ಒಣಗಾಕ ಬಿಡಂಗಿಲ್ಲಂತ, ಇದನ್ನ ನಾನೇ ಹುಡುಕಿ ಓದ್ಕೋಬೇಕಾತು. ಲಗ್ನಕ್ಕ ಹೋದಾಗ ಆ ಪರ್ಸ್ ಇಳಕಲ್ ಸೀರಿ ಸೆರಗಿಗೆ ತಾಗಿ ಕಪ್ಪು ಕಲಿ ಕುಂತೈತಿ, ಹೋಗವಲ್ದು.

ಇಷ್ಟೆಲ್ಲಾ ಆದ ಮ್ಯಾಲೆ ನಿಮ್ಮ ಉತ್ತರ ಏನಂದ್ರ, "ನೀವು ಸರ್ಫೇಸ್ ಸರಿಯಾಗಿ ರೆಡಿ ಮಾಡಿಲ್ಲ". ನಮಗ ಕಿನ್ನಾಳ ಇಲ್ಲೇ ಹತ್ರ ಐತ್ರಿ, ಅಲ್ಲಿ ಚಿತ್ರಗಾರರು ಕಟಗಿ ಗೊಂಬಿಗೆ ಕಲ್ಲಿನ ಪುಡಿ ಅಂಟಿನ್ಯಾಗ ಕಲಸಿ ತಳ ಹಾಕಿ ಆಮ್ಯಾಲೆ ಬಣ್ಣಕ್ಕ ಕೈ ಹಾಕ್ತಾರ, ತಳ ಕೆಟ್ರ ಬಣ್ಣ ನಿಲ್ಲಂಗಿಲ್ಲ ಅಂತ ನಮಗ ನೀವು ಹೇಳಿಕೊಡಬ್ಯಾಡ್ರಿ. ತಳ ಕೆಡಿಸಿದ್ದು ನಿಮ್ಮ ಬಾಟ್ಲಿ.

ಬ್ಯಾಗ್ ಹಳೇದು, ಅದರ ರೊಕ್ಕ ಕೇಳಂಗಿಲ್ಲ. ಕಿಟ್ಟಿಂದು 649 ಮತ್ತ ಸೀರಿ ಡ್ರೈಕ್ಲೀನ್ ಖರ್ಚು ಕೊಡ್ರಿ, ಡಬ್ಬಿ ಮ್ಯಾಲಿನ ರೆಕ್ಸಿನ್ ಅನ್ನೋ ಮಾತು ತಗೀರಿ. 2020ರ ಇ-ಕಾಮರ್ಸ್ ರೂಲ್ಸ್ ಪ್ರಕಾರ ದೂರು ಮುಟ್ಟೈತಿ ಅಂತ 48 ತಾಸಿನ್ಯಾಗ ಹೇಳಬೇಕು, ತಿಂಗಳೊಳಗ ಬಗಿಹರಿಸಬೇಕು. ಇಲ್ಲಂದ್ರ ಗ್ರಾಹಕರ ಸಹಾಯವಾಣಿ 1915ಕ್ಕ ಫೋನ್ ಮಾಡ್ತೀನಿ, ಅದಕ್ಕೂ ಆಗ್ಲಿಲ್ಲಂದ್ರ ಜಿಲ್ಲಾ ಗ್ರಾಹಕರ ಆಯೋಗ ಐತಿ, 5 ಲಕ್ಷದ ತನಕ ಅಲ್ಲಿ ಫೀಸೂ ಇಲ್ಲ.

ಪರ್ಸ್ ಚೆಕ್ ಮಾಡ್ಬೇಕು ಅಂದ್ರ ಪಿಕಪ್ ಕಳಸ್ರಿ. ಪೇಪರ್‌ನ್ಯಾಗ ಸುತ್ತಿ ಇಟ್ಟಿದ್ದೆ, ಈಗ ಪೇಪರ್ರೂ ಅಂಟ್ಕೊಂಡೈತಿ.